ಗಾಬರಿ ಬರುವ ಮೊದಲೇ ಉಗ್ರಾಣ: ಮೂರು ವಾರದ ದಿನಸಿ ಕೂಡಿಡುವ ಬಗೆ

2020ರ ಮಾರ್ಚ್ 24, ಯುಗಾದಿಯ ಹಿಂದಿನ ರಾತ್ರಿ. ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಮಾತು ಮುಗಿಯುತ್ತಿದ್ದಂತೆ ಜನ ಚೀಲ ಹಿಡಿದು ದಿನಸಿ ಅಂಗಡಿಗಳಿಗೆ ಓಡಿದರು. ದಿನಸಿ, ಹಾಲು, ತರಕಾರಿ, ಔಷಧದ ಅಂಗಡಿಗಳು ತೆರೆದಿರುತ್ತವೆ ಎಂದು ಸರ್ಕಾರದ ಆದೇಶದಲ್ಲೇ ಇತ್ತು. ಸರ್ಕಾರಿ ಗೋದಾಮುಗಳಲ್ಲಿ ಅಕ್ಕಿ, ಗೋಧಿ ಸೇರಿ 5 ಕೋಟಿ ಟನ್ನಿಗೂ ಹೆಚ್ಚು ದಾಸ್ತಾನಿತ್ತು. ಆದರೂ ಗೂಡುಗಳು ಖಾಲಿಯಾದವು.

ಯಾಕೆ ಹೀಗಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಿ. ಬಡಾವಣೆಯ ಅಂಗಡಿಯೊಂದು ದಿನಕ್ಕೆ 20 ಕೆ.ಜಿ. ತೊಗರಿಬೇಳೆ ಮಾರುತ್ತದೆ, ಒಳಗೆ 80 ಕೆ.ಜಿ. ಇದೆ ಎಂದುಕೊಳ್ಳಿ. ಅದು ನಾಲ್ಕು ದಿನದ ಮಾಲು. ಒಂದೇ ಸಂಜೆ 40 ಮನೆಯವರು ಬಂದು ತಲಾ ಎರಡು ಕೆ.ಜಿ. ಒಯ್ದರೆ ಅಲ್ಲಿಗೆ ಮುಗಿಯಿತು. ಯಾರ ಮನೆಯಲ್ಲೂ ಸಾರು ಹೆಚ್ಚಾಗಲಿಲ್ಲ, ಅಂಗಡಿಯ ಬೇಳೆ ಅಡುಗೆಮನೆಗಳಿಗೆ ಹೋಗಿ ಕೂತಿತು, ಅಷ್ಟೆ. 41ನೆಯವರಿಗೆ ಮಾತ್ರ ಬೇಳೆಯಿಲ್ಲ. ಆ 41ನೆಯವರು ಸಾಮಾನ್ಯವಾಗಿ ಆ ದಿನದ ಕೂಲಿ ಕೈಗೆ ಬಂದ ಮೇಲೆ ಕಾಲು ಕೆ.ಜಿ. ಬೇಳೆ, ನೂರು ಮಿ.ಲೀ. ಎಣ್ಣೆ ಕೊಳ್ಳಲು ಬರುವವರು. ಅದಕ್ಕೇ ಈ ಕೆಲಸವನ್ನು ಗಲಾಟೆಯ ದಿನ ಮಾಡಬಾರದು. ಮಾಮೂಲಿ ದಿನಗಳಲ್ಲಿ, ಅಂಗಡಿಗೆ ಮಾಲು ಸಲೀಸಾಗಿ ಬರುವಾಗ ಮಾಡಿ ಮುಗಿಸಬೇಕು.

ಎಷ್ಟು ದಿನಕ್ಕೆ? ಮೂರು ವಾರ ಸಾಕು. 2020ರಲ್ಲಿ ಲಾರಿಗಳು ಗಡಿಗಳಲ್ಲಿ ನಿಂತವು, ಹಮಾಲರು ಊರಿಗೆ ಹೊರಟರು. ಎಲ್ಲ ಬಗೆಯ ಸರಕು ಸಾಗಣೆಗೂ ಅಡ್ಡಿಯಿಲ್ಲ, ಸೋಪು, ಸ್ಯಾನಿಟರಿ ಪ್ಯಾಡ್, ಡೈಪರ್ ಎಲ್ಲವೂ ದಿನಸಿಯ ಲೆಕ್ಕಕ್ಕೇ ಸೇರುತ್ತವೆ ಎಂಬ ಸ್ಪಷ್ಟನೆ ಬಂದದ್ದು ಮಾರ್ಚ್ 29ಕ್ಕೆ. ಅಂದರೆ ಸಾಗಣೆ ಹಳಿಗೆ ಬರಲು ಒಂದು ವಾರ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆಗ ಮನೆಯಲ್ಲಿ ಯಾರಿಗಾದರೂ ಸೋಂಕು ತಗಲಿದರೆ ಹೊರಗೆ ಕಾಲಿಡದೆ 14 ದಿನ ಇರಬೇಕಿತ್ತು. ಎರಡೂ ಸೇರಿ 21. ಇದಕ್ಕಿಂತ ಹೆಚ್ಚು ಕೂಡಿಟ್ಟರೆ ಅದನ್ನು ತಿನ್ನುವುದು ನುಸಿಯೇ.

ಮೊದಲು ಅಳತೆ

ಅಂದಾಜಿನಲ್ಲಿ ಕೊಂಡವರೇ ಹೆಚ್ಚು ಕೊಳ್ಳುತ್ತಾರೆ. ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿ, ತುಂಬಿಸಿದ ದಿನ ಬರೆಯಿರಿ, ಖಾಲಿಯಾದ ದಿನ ಬರೆಯಿರಿ. ಒಂದು ಕೆ.ಜಿ. ತೊಗರಿಬೇಳೆ ಏಳು ದಿನ ಬಂದರೆ 21 ದಿನಕ್ಕೆ 3 ಕೆ.ಜಿ. ಪಾವಿನಲ್ಲಿ ಅಳೆದು ಅನ್ನಕ್ಕಿಡುವವರು ನಿಮ್ಮ ಪಾವಿನ ಅಕ್ಕಿಯನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡಿ, ಮನೆಯಿಂದ ಮನೆಗೆ ಪಾವು ಬೇರೆಯೇ ಇರುತ್ತದೆ.

ಬಂದ ಲೆಕ್ಕಕ್ಕೆ ಕಾಲು ಭಾಗ ಸೇರಿಸಿ. ಎಲ್ಲರೂ ಮನೆಯಲ್ಲೇ ಉಳಿದರೆ ಶಾಲೆಯ ಬಿಸಿಯೂಟ, ಆಫೀಸಿನ ಕ್ಯಾಂಟೀನ್, ದರ್ಶಿನಿಯ ತಿಂಡಿ ಎಲ್ಲವೂ ನಿಮ್ಮ ಒಲೆಗೇ ಬರುತ್ತವೆ. ಕಾಫಿಪುಡಿ ಮತ್ತು ಸಕ್ಕರೆ ಮೊದಲು ಮುಗಿಯುತ್ತವೆ.

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿರುವ, ಮೂರು ಹೊತ್ತೂ ಮನೆಯಲ್ಲೇ ಉಣ್ಣುವ ಮನೆಗೆ 21 ದಿನಕ್ಕೆ ಹೆಚ್ಚುಕಡಿಮೆ ಇಷ್ಟು ಬೇಕಾಗುತ್ತದೆ: ಅಕ್ಕಿ 15 ಕೆ.ಜಿ., ರಾಗಿ ಅಥವಾ ಗೋಧಿಹಿಟ್ಟು 6 ಕೆ.ಜಿ., ರವೆ ಮತ್ತು ಅವಲಕ್ಕಿ ಸೇರಿ 3 ಕೆ.ಜಿ., ತೊಗರಿಬೇಳೆ 3 ಕೆ.ಜಿ., ಹೆಸರುಕಾಳು, ಹುರುಳಿ, ಕಡಲೆ ಸೇರಿ 3 ಕೆ.ಜಿ., ಎಣ್ಣೆ 2ರಿಂದ 2.5 ಲೀಟರ್, ಉಪ್ಪು 1 ಕೆ.ಜಿ., ಸಕ್ಕರೆ ಮತ್ತು ಬೆಲ್ಲ ಸೇರಿ 2 ಕೆ.ಜಿ., ಹುಣಸೆಹಣ್ಣು 400 ಗ್ರಾಂ, ಒಣಮೆಣಸಿನಕಾಯಿ 300 ಗ್ರಾಂ, ಕಾಫಿಪುಡಿ ಅಥವಾ ಚಹಾಪುಡಿ 500 ಗ್ರಾಂ. ಇದು ನಿಮ್ಮ ಚೀಟಿಯ ಲೆಕ್ಕದೊಂದಿಗೆ ಹೋಲಿಸಿ ನೋಡಲು ಮಾತ್ರ. ಮುದ್ದೆಯ ಮನೆಗೂ ರೊಟ್ಟಿಯ ಮನೆಗೂ ಕುಚಲಕ್ಕಿ ಗಂಜಿಯ ಮನೆಗೂ ಒಂದೇ ಪಟ್ಟಿ ಹೊಂದುವುದಿಲ್ಲ.

ಇದನ್ನೆಲ್ಲ ಒಂದೇ ದಿನ ಹೊತ್ತು ತರಬೇಡಿ. ಆರು ವಾರ ತೆಗೆದುಕೊಳ್ಳಿ. ಪ್ರತಿ ವಾರದ ಸಾಮಾನಿನ ಜತೆ ಒಂದೆರಡು ವಸ್ತು ಹೆಚ್ಚಿಗೆ ತಂದರೆ ಕೈಗೂ ಭಾರವಲ್ಲ, ಅಂಗಡಿಗೂ ಏರುಪೇರಿಲ್ಲ. ಅಕ್ಕಿ ಮಾತ್ರ ಮೂಟೆಯಲ್ಲೇ ಕೊಳ್ಳಿ. ಅಂಗಡಿಯಲ್ಲಿ 26 ಕೆ.ಜಿ. ಮೂಟೆ ಕಂಡರೆ ಅಚ್ಚರಿ ಬೇಡ: 2022ರ ಜುಲೈನಿಂದ 25 ಕೆ.ಜಿ.ವರೆಗಿನ ಪ್ಯಾಕಿಗೆ ಶೇ. 5 ಜಿಎಸ್‌ಟಿ ಬಂತು, ಅದನ್ನು ದಾಟಲು ಗಿರಣಿಗಳು ಒಂದು ಕೆ.ಜಿ. ಹೆಚ್ಚಿಗೆ ತುಂಬಿದವು.

ಕೆಡದಂತೆ ಇಡುವುದು

ಗಾಬರಿಯಲ್ಲಿ ಕೊಂಡದ್ದು ಹೆಚ್ಚಾಗಿ ಹಾಳಾಗುವುದು ಇಲ್ಲೇ. ಮೊದಲ ನಿಯಮ, ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ತಳದಲ್ಲಿ ಉಳಿದ ಎರಡು ಹಿಡಿ ಬೇಳೆಯಲ್ಲಿ ಹುಳದ ಮೊಟ್ಟೆಯಿದ್ದರೆ ಮೇಲೆ ಸುರಿದ ಮೂರು ಕೆ.ಜಿ.ಯೂ ಹೋಗುತ್ತದೆ. ಪ್ರತಿ ಸಾಮಾನಿಗೂ ಎರಡು ಡಬ್ಬ ಇರಲಿ, ಒಂದು ಮುಂದೆ, ಒಂದು ಹಿಂದೆ. ಮುಂದಿನದು ಖಾಲಿಯಾದಾಗ ಅದನ್ನು ತೊಳೆದು, ಬಿಸಿಲಿಗಿಟ್ಟು, ಹೊಸ ಮಾಲು ತುಂಬಿ ಹಿಂದಕ್ಕಿಡಿ, ಹಿಂದಿನದನ್ನು ಮುಂದಕ್ಕೆ ಎಳೆಯಿರಿ. ಅಂಗಡಿಗೆ ಹೋಗಬೇಕಾದದ್ದು ಹಿಂದಿನ ಡಬ್ಬ ಮುಂದಕ್ಕೆ ಬಂದ ದಿನ. ಇಷ್ಟು ಪಾಲಿಸಿದರೆ ಮನೆಯಲ್ಲಿ ಯಾವತ್ತೂ ಒಂದು ಡಬ್ಬ ತುಂಬಿಯೇ ಇರುತ್ತದೆ.

ಅಕ್ಕಿ ಮೂಟೆಯನ್ನು ನೆಲಕ್ಕೆ ತಾಗಿಸಿ ಇಡಬೇಡಿ, ಮರದ ಹಲಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಸಿಮೆಂಟ್ ನೆಲ ಮಳೆಗಾಲದಲ್ಲಿ ತೇವ ಎಳೆಯುತ್ತದೆ, ತಳದ ಅಕ್ಕಿ ಮುಗ್ಗು ಹಿಡಿಯುತ್ತದೆ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ: ಕಟ್ಟೆಂದು ಮುರಿದರೆ ಒಣಗಿದೆ, ಮೆತ್ತಗೆ ಅಮುಕಿದರೆ ಕೂಡಿಡಲು ಆಗದು. ಬೇವಿನ ಸೊಪ್ಪು ಹಾಕುವವರು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕಬೇಕು, ಹಸಿ ಸೊಪ್ಪಿನ ನೀರೇ ಅಕ್ಕಿಗೆ ಬೂಸ್ಟು ತರುತ್ತದೆ. ನುಸಿ ಬಿದ್ದ ಅಕ್ಕಿಯನ್ನು ನಡು ಬಿಸಿಲಿಗೆ ಹರಡಬೇಡಿ, ಕಾಳು ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ನೆರಳಿನಲ್ಲಿ ತೆಳ್ಳಗೆ ಹರಡಿದರೆ ನುಸಿ ತಾನಾಗಿ ಹರಿದುಹೋಗುತ್ತದೆ, ಆಮೇಲೆ ಮೊರದಲ್ಲಿ ಕೇರಿ ತುಂಬಿ. ಬೋರಿಕ್ ಪುಡಿ ಬೆರೆಸುವ ರೂಢಿ ಕೆಲವು ಕಡೆ ಇದೆ, ಬಿಡಿ, ಅದು ಉಣ್ಣುವ ವಸ್ತುವಲ್ಲ. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನಂತೂ ಮನೆಯೊಳಗೆ ತರಲೇಬೇಡಿ. ಅದರಿಂದ ಹೊರಡುವ ಅನಿಲ ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಕೊಲ್ಲುತ್ತದೆ.

ಬೇಳೆಕಾಳಿಗೆ ಬಿಸಿಲು ಒಳ್ಳೆಯದು. ಎರಡು ದಿನ, ದಿನಕ್ಕೆ ಮೂರು ನಾಲ್ಕು ಗಂಟೆ ಒಣಗಿಸಿ. ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಿ, ಬಿಸಿಯಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟುತ್ತದೆ. ತೊಗರಿಬೇಳೆಗೆ ಕೆ.ಜಿ.ಗೆ ಒಂದು ಟೀ ಚಮಚ ಹರಳೆಣ್ಣೆ ಸವರುವ ಹಳೆಯ ಪದ್ಧತಿ ಈಗಲೂ ಸರಿಯಾದದ್ದೇ. ಅಲಸಂದೆ, ಅವರೆ, ಹೆಸರುಕಾಳಿಗೆ ಹುಳ ಬೇಗ ಬೀಳುತ್ತದೆ. ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿಯಿರಿ. ಕಾಳಿನ ಮೈಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿದ್ದರೆ ಅದು ಮೊಟ್ಟೆ, ಸೂಜಿಯಲ್ಲಿ ಕೊರೆದಂಥ ದುಂಡನೆಯ ತೂತಿದ್ದರೆ ಹುಳ ಆಗಲೇ ಹೊರಬಂದಿದೆ. ಚುಕ್ಕೆಯ ಹಂತದಲ್ಲಿ ಬಿಸಿಲಿಗೆ ಹಾಕಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಕಾಳು ಉಳಿಯುತ್ತದೆ.

ರವೆ ಎಲ್ಲಕ್ಕಿಂತ ಬೇಗ ಕೆಡುತ್ತದೆ. ಚಮಚ ಹಾಕಿ ಎತ್ತಿದಾಗ ಕಾಳುಗಳು ಬಿಡಿಬಿಡಿಯಾಗಿ ಉದುರಬೇಕು. ಜೇಡರ ಬಲೆಯಂಥ ನೂಲಿನಲ್ಲಿ ಸಿಕ್ಕು ಗೊಂಚಲಾಗಿ ತೂಗಾಡಿದರೆ ಒಳಗೆ ಹುಳ ಬಲೆ ಕಟ್ಟಿದೆ, ಜರಡಿ ಹಿಡಿಯುವುದು ವ್ಯರ್ಥ, ಎಸೆಯಿರಿ. ತಂದ ದಿನವೇ ಸಣ್ಣ ಉರಿಯಲ್ಲಿ, ಬಣ್ಣ ತಿರುಗುವ ಮೊದಲು, ಘಮ ಬರುವಷ್ಟು ಹುರಿದು ಆರಿಸಿ ತುಂಬಿದರೆ ತಿಂಗಳುಗಟ್ಟಲೆ ಇರುತ್ತದೆ. ಫ್ರೀಜರ್ ಇರುವವರು ಪೊಟ್ಟಣವನ್ನು ನಾಲ್ಕು ದಿನ ಅದರಲ್ಲಿಟ್ಟು, ಹೊರತೆಗೆದ ಮೇಲೆ ತಣ್ಣಗಿರುವಾಗಲೇ ಬಿಚ್ಚದೆ, ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು.

ರಾಗಿ ಇದ್ದವರು ನಿಶ್ಚಿಂತರು. ಹಳೇ ಮೈಸೂರು ಸೀಮೆಯಲ್ಲಿ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ, ಆ ಸಣ್ಣ ಗಟ್ಟಿ ಕಾಳಿಗೆ ಹುಳ ಹತ್ತುವುದು ಬಹಳ ಕಷ್ಟ. ಕಾಳಾಗಿ ಕೂಡಿಡಿ, ಹಿಟ್ಟು ತಿಂಗಳಿಗಾಗುವಷ್ಟೇ ಮಾಡಿಸಿ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹಾಗೇ ಮುಚ್ಚಿಟ್ಟರೆ ಗಂಟು ಕಟ್ಟಿ ಕಮಟು ವಾಸನೆ ಬರುತ್ತದೆ, ಬಟ್ಟೆಯ ಮೇಲೆ ಹರಡಿ ಆರಿಸಿ.

ಎಣ್ಣೆಯನ್ನು 15 ಲೀಟರ್ ಡಬ್ಬದಲ್ಲಿ ಕೊಳ್ಳಬೇಡಿ, ಬಾಯಿ ತೆರೆದ ಮೇಲೆ ಗಾಳಿ ತಾಗಿ ಮುಗ್ಗಲು ವಾಸನೆ ಬರುತ್ತದೆ. ಒಂದು ಲೀಟರಿನ ಪ್ಯಾಕೆಟ್ಟುಗಳು, ಕತ್ತಲ ಗೂಡು. ಬೂಸ್ಟು ಹಿಡಿದ ಕಡಲೆಕಾಯಿ ಬೀಜವನ್ನು ಆರಿಸಿ ತಿನ್ನುವುದು ಬೇಡ, ಆ ಬೂಸ್ಟಿನ ವಿಷ ಹುರಿದರೂ ಹೋಗದು. ಹುಣಸೆಹಣ್ಣನ್ನು ಬೀಜ, ನಾರು ತೆಗೆದು, ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿಡಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಡ.

ತರಕಾರಿ

ತರಕಾರಿಯನ್ನು ಕೂಡಿಡುವುದಕ್ಕಿಂತ ತಿನ್ನುವ ಸರದಿ ಮುಖ್ಯ. ಮೊದಲ ಮೂರು ದಿನ ಸೊಪ್ಪು, ವಾರದೊಳಗೆ ಹುರುಳಿಕಾಯಿ, ಬದನೆ, ಟೊಮೆಟೊ, ಎರಡನೇ ವಾರಕ್ಕೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಕೊನೆಗೆ ಕುಂಬಳ, ಸುವರ್ಣಗೆಡ್ಡೆ, ಆಲೂಗೆಡ್ಡೆ. ಬೂದುಗುಂಬಳ ಕತ್ತರಿಸದಿದ್ದರೆ ತಿಂಗಳುಗಟ್ಟಲೆ ಕಾಯುತ್ತದೆ. ಈರುಳ್ಳಿ, ಆಲೂಗೆಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಎರಡೂ ಬೇಗ ಕೊಳೆಯುತ್ತವೆ. ತೆಂಗಿನಕಾಯಿಯ ಜುಟ್ಟು ಕೀಳಬೇಡಿ. ತರಕಾರಿಯೇ ಸಿಗದ ವಾರಕ್ಕೆ ಹೆಸರುಕಾಳು, ಹುರುಳಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದರೆ ಎರಡನೇ ದಿನಕ್ಕೆ ಮೊಳಕೆ ಸಿದ್ಧ. ಬಾಳಕ, ಸಂಡಿಗೆ, ಹಪ್ಪಳ ಇರುವ ಮನೆಗೆ ನೆಂಚಿಕೊಳ್ಳಲು ಕೊರತೆಯಿಲ್ಲ. 2020ರಲ್ಲಿ ಎಷ್ಟೋ ಮನೆಗಳಲ್ಲಿ ಮಾಡಿದಂತೆ ತರಕಾರಿಯನ್ನು ಸೋಪು ನೀರಿನಲ್ಲಿ ತೊಳೆಯಬೇಡಿ, ಹರಿಯುವ ನೀರು ಸಾಕು.

ದಿನಸಿಯಲ್ಲದ್ದು

ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳು ಇನ್ನೊಂದು ತಿಂಗಳಿಗಾಗುವಷ್ಟು ಉಳಿದಿರುವಾಗಲೇ ಹೊಸ ಚೀಟಿ ಬರೆಸಿಕೊಳ್ಳಿ. ಇನ್ಸುಲಿನ್ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ನಿಮಗೆ ಬರೆದುಕೊಡದ ಮಾತ್ರೆಯನ್ನು ಮುಂಜಾಗ್ರತೆ ಎಂದು ಕೊಳ್ಳಲೇಬೇಡಿ. 2020ರ ಮಾರ್ಚ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಅದು ಕೋವಿಡ್ ತಡೆಯುತ್ತದೆಂದು ನಂಬಿ ಜನ ಮುಗಿಬಿದ್ದಾಗ, ಅದನ್ನೇ ನೆಚ್ಚಿಕೊಂಡಿದ್ದ ಲೂಪಸ್ ಮತ್ತು ಸಂಧಿವಾತದ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು. ಮಾರ್ಚ್ 26ಕ್ಕೆ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಎಚ್1 ಪಟ್ಟಿಗೆ ಸೇರಿಸಿದರು.

ಗ್ಯಾಸಿಗೆ ಎರಡು ಸಿಲಿಂಡರಿನ ಸಂಪರ್ಕ ಮಾಡಿಸಿ, ಒಂದು ಮುಗಿದ ದಿನವೇ ಬುಕ್ ಮಾಡಿ. ಪ್ಯಾಡ್, ಸೋಪು, ಮಗುವಿದ್ದರೆ ಹಾಲಿನಪುಡಿ ಎರಡು ತಿಂಗಳಿಗಾಗುವಷ್ಟಿರಲಿ. ಸ್ಯಾನಿಟೈಜರ್ ಒಂದೆರಡು ಬಾಟಲಿ ಸಾಕು, ಮನೆಯಲ್ಲಿ ಸೋಪೇ ಸಾಕು. ಸ್ಯಾನಿಟೈಜರ್ ಉರಿಯುವ ದ್ರವ, ಒಲೆಯ ಹತ್ತಿರ ಸಾಲಾಗಿ ಜೋಡಿಸಿಡುವುದು ಅಪಾಯ. ಬ್ಲೀಚಿಂಗ್ ಪುಡಿಯನ್ನೂ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಬಳಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಸುದ್ದಿ ಬಂದ ಸಂಜೆ

ಆ ಸಂಜೆ ಅಂಗಡಿಗೆ ಹೋಗಬೇಡಿ. ನೂಕುನುಗ್ಗಲಿನಲ್ಲಿ ಸೋಂಕೇ ಮೊದಲು ಸಿಗುವುದು. ಡಬ್ಬಗಳ ಮುಚ್ಚಳ ತೆಗೆದು, ಇರುವುದನ್ನು ಬರೆದುಕೊಳ್ಳಿ, ನಿಜವಾಗಿ ಇಲ್ಲದ್ದಕ್ಕೆ ಮಾತ್ರ ಗುರುತು ಹಾಕಿ. ಎರಡು ಮೂರು ದಿನ ಬಿಟ್ಟು, ಬೆಳಗ್ಗೆ ಲಾರಿ ಇಳಿಸಿದ ಮೇಲೆ, ಮನೆಯಿಂದ ಒಬ್ಬರೇ ಹೋಗಿ ಒಂದು ವಾರದ್ದು ತನ್ನಿ. ಕಾಲು ಕೆ.ಜಿ., ನೂರು ಗ್ರಾಂ ಪೊಟ್ಟಣಗಳಿಗೆ ಕೈ ಹಾಕಬೇಡಿ, ದೊಡ್ಡ ಪ್ಯಾಕ್ ಕೊಳ್ಳಲು ಆಗುವವರು ದೊಡ್ಡದನ್ನೇ ತೆಗೆದುಕೊಳ್ಳಿ. ಈ ಮಾತು ಪರದೇಶದಲ್ಲಿರುವ ಕನ್ನಡಿಗರಿಗೂ ಅನ್ವಯ: 2023ರ ಜುಲೈ 20ರಂದು ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾಮಸೂರಿ ಮೂಟೆಗಳಿಗೆ ಇದೇ ನೂಕಾಟ ನಡೆಯಿತು.

ಅಂಗಡಿ ನಡೆಸುವವರಿಗೆ ಎರಡು ಮಾತು. ಮನೆಗೆ ಎರಡು ಪ್ಯಾಕ್ ಎಂಬ ಮಿತಿಯನ್ನು ಗೂಡು ತುಂಬಿರುವಾಗಲೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ, ಅರ್ಧ ಖಾಲಿಯಾದ ಮೇಲೆ ಹಾಕಿದರೆ ಜಗಳವಾಗುತ್ತದೆ. ಬೇಳೆ, ಎಣ್ಣೆಯಲ್ಲಿ ಕಾಲು ಭಾಗವನ್ನು ಸಣ್ಣ ಪೊಟ್ಟಣ ಕಟ್ಟಿ ಗಲ್ಲಾದ ಹಿಂದೆ ಇಟ್ಟುಕೊಂಡು, ಸಂಜೆ ಕೂಲಿ ಮುಗಿಸಿ ಬರುವವರಿಗೆ ಕೊಡಿ. ಬೆಳಗಿನ ಮೊದಲ ಗಂಟೆ ವಯಸ್ಸಾದವರಿಗೆ ಮೀಸಲಿಡಿ. ಎಂಆರ್‌ಪಿಗಿಂತ ಹೆಚ್ಚು ಕೇಳುವುದು ಯಾವ ದಿನವೂ ಅಪರಾಧವೇ. ಹಾಗೆ ಕೇಳಿದರೆ ಕೊಳ್ಳುವವರು ಬಿಲ್ ತೆಗೆದುಕೊಂಡು, ಪೊಟ್ಟಣದ ಮೇಲಿನ ಬೆಲೆಯ ಫೋಟೊ ಸಮೇತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.