ನಕ್ಷತ್ರದ ಚಟುವಟಿಕೆ ಅಳೆಯೋದು ಹೇಗೆ? ಕ್ಯಾಲ್ಸಿಯಂ ಗೆರೆ ಹಿಡ್ಕೊಳ್ಳಿ

ಸೂರ್ಯನ ಮೇಲಾದ್ರೆ ಕಲೆ ಎಷ್ಟಿವೆ ಅಂತ ಎಣಿಸಿ ಅದರ ಕಾಂತೀಯ ಚಟುವಟಿಕೆ ಎಷ್ಟಿದೆ ಅಂತ ಹೇಳಬಹುದು, ದೂರದ ನಕ್ಷತ್ರ ಬರೀ ಚುಕ್ಕಿ, ಅದರ ಮೈಮೇಲೆ ಏನಾಗ್ತಿದೆ ಅಂತ ಹೇಗೆ ಗೊತ್ತಾಗ್ಬೇಕು? ಅದರ ರೋಹಿತದ (ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ಸ್ಪೆಕ್ಟ್ರಮ್) ನೇರಳೆ ತುದೀಲಿ ಕ್ಯಾಲ್ಸಿಯಂನ ಎರಡು ಅಗಲವಾದ ಕಪ್ಪು ಗೆರೆ ಇರುತ್ವೆ, 3933.66 ಆಂಗ್‌ಸ್ಟ್ರಮ್ (ತರಂಗಾಂತರದ ಅಳತೆ, ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಹತ್ರ ಇರೋದು ಕೆ, 3968.47 ಹತ್ರ ಇರೋದು ಹೆಚ್. ಕಾಂತಕ್ಷೇತ್ರ ಜೋರಾಗಿ ವರ್ಣಗೋಳ (ನಕ್ಷತ್ರದ ಮೇಲ್ಮೈಗಿಂತ ಸ್ವಲ್ಪ ಮೇಲಿನ ಅನಿಲದ ಪದರ) ಕಾದಾಗ ಈ ಕಪ್ಪಿನ ನಟ್ಟನಡುವೆ ಬೆಳಕಿನ ಒಂದು ಉಬ್ಬು ಏಳುತ್ತೆ. ನಾವು ಅಳೆಯೋದು ಅದನ್ನೇ.

ಮೊದಲು ಡೇಟಾ. ಚಿಲಿಯ ಲಾ ಸಿಲ್ಲಾದಲ್ಲಿರೋ ದೂರದರ್ಶಕಕ್ಕೆ ಕೂರಿಸಿರೋ ಹಾರ್ಪ್ಸ್ ಅನ್ನೋ ರೋಹಿತ ಅಳೆಯೋ ಉಪಕರಣದ ರೋಹಿತಗಳು ಫ್ರೀಯಾಗಿ ಸಿಗ್ತವೆ, ಎಪ್ಸಿಲಾನ್ ಎರಿಡಾನಿದು ಇಳಿಸ್ಕೊಳ್ಳಿ, ಹತ್ತೂವರೆ ಜ್ಯೋತಿರ್ವರ್ಷ ದೂರದ ಎಳೆ ನಕ್ಷತ್ರ, ಉಬ್ಬು ಕಣ್ಣಿಗೇ ಹೊಡೆಯುತ್ತೆ.

ಆಮೇಲೆ ಗೆರೆನ ಜಾಗಕ್ಕೆ ತರೋದು, ಎಡವಟ್ಟೆಲ್ಲ ಇಲ್ಲೇ. ನಕ್ಷತ್ರ ಸೆಕೆಂಡಿಗೆ 30 ಕಿಮೀ ವೇಗದಲ್ಲಿ ದೂರ ಹೋಗ್ತಿದ್ರೆ ಗೆರೆ 0.4 ಆಂಗ್‌ಸ್ಟ್ರಮ್ ಸರಿಯುತ್ತೆ, ಅದನ್ನ ಸರಿಮಾಡ್ಬೇಕು. ಅದಕ್ಕಿಂತ ದೊಡ್ಡ ಗುಂಡಿ ಅಂದ್ರೆ ಕೆಲವು ಫೈಲಲ್ಲಿ ಗಾಳಿಯ ತರಂಗಾಂತರ, ಕೆಲವುದ್ರಲ್ಲಿ ನಿರ್ವಾತದ್ದು ಇರುತ್ತೆ, ವ್ಯತ್ಯಾಸ ಸುಮಾರು 1.1 ಆಂಗ್‌ಸ್ಟ್ರಮ್, ಗಮನಿಸ್ದೇ ಹೋದ್ರೆ ಉಬ್ಬು ಪೂರ್ತಿ ಆಚೆ ಬಿದ್ದು ಸಿಡಿಮಿಡಿ ನಕ್ಷತ್ರಾನೂ ಸಾಧು ಥರ ಕಾಣುತ್ತೆ. ನಾನು ಒಂದಿಡೀ ಭಾನುವಾರ ಹೀಗೇ ಕಳ್ಕೊಂಡಿದೀನಿ. ಲೆಕ್ಕ ಶುರುಮಾಡೋ ಮುಂಚೆ ಪ್ಲಾಟ್ ಹಾಕಿ ನೋಡಿ ಮಾರಾಯ್ರೆ.

ಈಗ ಎರಡೂ ಗೆರೆ ಮೇಲೆ ತ್ರಿಕೋನಾಕಾರದ ಜರಡಿ ಇಡಿ (ನಡುವಿನ ಬೆಳಕಿಗೆ ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ ತೂಕ ಕೊಡೋ ಲೆಕ್ಕ), ಅರ್ಧ ಎತ್ತರದಲ್ಲಿ ಅಗಲ 1.09 ಆಂಗ್‌ಸ್ಟ್ರಮ್. ಒಳಗೆ ಬಿದ್ದ ಬೆಳಕು ಕೂಡಿಸಿ. ಅದನ್ನ ಪಕ್ಕದ ಎರಡು ಪಟ್ಟಿಗಳ ಬೆಳಕಿನ ಮೊತ್ತದಿಂದ ಭಾಗಿಸಿ, 3901 ಮತ್ತು 4001ರ ಸುತ್ತ 20 ಆಂಗ್‌ಸ್ಟ್ರಮ್ ಅಗಲದ್ದು. ಈ ಅನುಪಾತಾನೇ ಎಸ್ ಸೂಚ್ಯಂಕ. ಪ್ರತಿ ಉಪಕರಣದ್ದೂ ಬೇರೆ ಬೇರೆ ಬರುತ್ತೆ, ಹಂಗಾಗಿ ಗೊತ್ತಿರೋ ನಕ್ಷತ್ರಗಳ ಜೊತೆ ಹೋಲಿಸಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಅಳತೆಗೆ ಕೂರಿಸ್ಬೇಕು. ಸೂರ್ಯಂದು ಸುಮಾರು 0.17, ಎಪ್ಸಿಲಾನ್ ಎರಿಡಾನಿದು 0.5ರ ಆಸುಪಾಸು ಬಂದ್ರೆ ಸರಿಯಾಗಿದೆ ಅಂತ ಲೆಕ್ಕ. ಬೇರೆ ಬೇರೆ ಬಣ್ಣದ ನಕ್ಷತ್ರಗಳನ್ನ ಮಾತ್ರ ಬರೀ ಎಸ್ ಇಟ್ಕೊಂಡು ಹೋಲಿಸ್ಬೇಡಿ, ಬಣ್ಣದ ತಿದ್ದುಪಡಿ ಬೇಕೇ ಬೇಕು.

ಇನ್ನೊಂದು, ಉಬ್ಬಿನ ಅಗಲ ನೋಡಿ ಚಟುವಟಿಕೆ ಅಂದ್ಕೋಬೇಡಿ. ಅಗಲ ಹೇಳೋದು ನಕ್ಷತ್ರದ ನಿಜವಾದ ಪ್ರಕಾಶವನ್ನ, 1957ರಲ್ಲಿ ಇದನ್ನ ತೋರಿಸಿದ್ದು ಅಮೆರಿಕದ ಖಗೋಳ ವಿಜ್ಞಾನಿ ಓಲಿನ್ ವಿಲ್ಸನ್ ಮತ್ತೆ ನಮ್ಮ ವೇಣು ಬಾಪು, ಮುಂದೆ ಬೆಂಗಳೂರಿನ ಖಭೌತ ಸಂಸ್ಥೆ ಕಟ್ಟಿದೋರು.

ಒಂದು ರಾತ್ರಿಯ ಅಂಕಿ ಸಾಲಲ್ಲ. ಎಪ್ಸಿಲಾನ್ ಎರಿಡಾನಿ ತನ್ನ ಸುತ್ತ ಒಂದು ಸುತ್ತು ತಿರುಗೋಕೇ ಸುಮಾರು 11 ದಿನ ಬೇಕು, ಎಸ್ ಕೂಡ ಅದರ ಜೊತೆ ಏರಿಳಿಯುತ್ತೆ. ವಿಲ್ಸನ್ 1966ರಲ್ಲಿ ಹೀಗೆ ಅಳೆಯೋಕೆ ಕೂತೋರು ವರ್ಷಗಟ್ಟಲೆ ಅವೇ ನಕ್ಷತ್ರಗಳನ್ನ ಬಿಡದೆ ನೋಡಿದ್ರು, 61 ಸಿಗ್ನಿ ಎ ಅನ್ನೋ ನಕ್ಷತ್ರದ ಚಟುವಟಿಕೆ ಸುಮಾರು 7 ವರ್ಷಕ್ಕೊಮ್ಮೆ ಏರಿ ಇಳಿಯೋ ಚಕ್ರ ಸಿಕ್ಕಿದ್ದು ಅಂಥ ಡೇಟಾದಲ್ಲೇ.