ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ, ಮೈದಾನೂ ಇಲ್ಲ, ಆದ್ರೂ ಚಾಕ್ಲೇಟ್ ಕುಕ್ಕಿ!

ಹಬ್ಬದ ರಜೆ ಶುರುವಾಯ್ತು ಅಂದ್ರೆ ಮನೆ ತುಂಬ ಜನ, ಅವ್ರಲ್ಲಿ ಒಬ್ರು ವೀಗನ್, ಅಂದ್ರೆ ಹಾಲು, ಮೊಟ್ಟೆ ಸಮೇತ ಪ್ರಾಣಿಗಳಿಂದ ಬರೋದೇನೂ ತಿನ್ನದೋರು, ಇನ್ನೊಬ್ರಿಗೆ ಗೋಧಿ ಆಗಿಬರಲ್ಲ, ಒಂದು ಮಗುಗೆ ಹಾಲು ಅಲರ್ಜಿ, ಸರಿ ಎಲ್ರೂ ಒಂದೇ ಡಬ್ಬಿಗೆ ಕೈ ಹಾಕಿ ತಿನ್ನೋ ಹಾಗೆ ಏನಾದ್ರೂ ಮಾಡೋಣ ಅಂತ ಹೊರಟ್ರೆ ಅಲ್ಲಿಂದ ತಲೆನೋವು ಶುರು. ನಾನೂ ಹೀಗೇ ಹೊರಟೋಳು. ಮೊದಲನೇ ಸಲ ಮೈದಾ ಎಷ್ಟಿತ್ತೋ ಅಷ್ಟೇ ಅಕ್ಕಿ ಹಿಟ್ಟು ಹಾಕಿ, ಮೊಟ್ಟೆ ಬದಲು ನೀರು ಸುರಿದು ಬೇಯಿಸಿದೆ, ಕಚ್ಚಿದ್ರೆ ಬಾಯಲ್ಲಿ ಮರಳು, ಕೈಯಲ್ಲಿ ಪುಡಿ. ಎರಡನೇ ಸಲ ಹಿಟ್ಟೇನೋ ಸರಿಹೋಯ್ತು, ಆದ್ರೆ ಕಾಯಿಸಿದ ಕೊಬ್ಬರಿ ಎಣ್ಣೆ ಹಾಕಿ ಕಲಸಿದ ತಕ್ಷಣ ಓವನ್‌ಗೆ ತಳ್ಳಿಬಿಟ್ಟೆ, ಹತ್ತು ನಿಮಿಷ ಬಿಟ್ಟು ತೆಗೆದು ನೋಡಿದ್ರೆ ಹನ್ನೆರಡು ಕುಕ್ಕಿ ಕೂಡ್ಕೊಂಡು ಟ್ರೇ ತುಂಬ ಒಂದೇ ಕರಿ ಕಂಬಳಿ ಹಾಸಿದ ಹಾಗಾಗಿತ್ತು.

ಆಮೇಲೆ ಗೊತ್ತಾಗಿದ್ದೇನಂದ್ರೆ ನಾನು ಬಿಟ್ಟಿದ್ದು ಯಾವ್ದೋ ದುಬಾರಿ ಸಾಮಾನನ್ನಲ್ಲ, ಕಾಯೋದನ್ನ. ಈ ಕುಕ್ಕಿಲಿ ಮೂರು ಕಡೆ ಸುಮ್ನೆ ಕೂತು ಕಾಯ್ಬೇಕು, ಮೊಟ್ಟೆ ಮತ್ತೆ ಗ್ಲುಟನ್ (ಗೋಧಿಲಿರೋ ಅಂಟು ಪ್ರೋಟೀನು) ಮಾಡ್ಬೇಕಿದ್ದ ಕೆಲಸನ ಆ ಕಾಯೋದೇ ಮಾಡತ್ತೆ. ಬೇರೆಲ್ಲಾ ಸಲೀಸು.

ಮೊದ್ಲು ಪ್ಯಾಕೆಟ್ ಹಿಂದೆ ಓದಿ

ಒಲೆ ಹಚ್ಚೋದಕ್ಕಿಂತ ಮುಂಚೆ ಕನ್ನಡಕ ಹಾಕ್ಕೊಳ್ಳಿ. ಗ್ಲುಟನ್ ಇರೋದು ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ. ಮೈದಾ, ರವೆ ಎಲ್ಲ ಗೋಧಿಯ ಮಕ್ಕಳೇ. ಬಕ್‌ವೀಟ್ ಹೆಸರಲ್ಲಿ ವೀಟ್ ಇದ್ರೂ ಅದು ಗೋಧಿ ಅಲ್ಲ, ಧೈರ್ಯವಾಗಿ ಬಳಸಬಹುದು. ಓಟ್ಸ್ ವಿಷಯದಲ್ಲಿ ಮಾತ್ರ ಹುಷಾರು, ಓಟ್ಸ್‌ನಲ್ಲಿ ಗೋಧಿಯ ಗ್ಲುಟನ್ ಇಲ್ದಿದ್ರೂ ಹೊಲದಲ್ಲಿ, ಗಿರಣಿಲಿ, ಲಾರಿಲಿ ಗೋಧಿ ಜೊತೆ ಬೆರೆತುಹೋಗಿರತ್ತೆ, ಅದಕ್ಕೆ ಗ್ಲುಟನ್ ಫ್ರೀ ಅಂತ ಬರೆದಿರೋ ಪ್ಯಾಕೆಟ್ಟೇ ಆಗ್ಬೇಕು. ಹಾಗೆ ಬರೀಬೇಕು ಅಂದ್ರೆ ಒಂದು ಕೆಜಿಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರ್ದು ಅಂತ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡ ಹೇಳತ್ತೆ. ಕೆಲವು ಬೇಕಿಂಗ್ ಪೌಡರ್‌ನಲ್ಲೂ ಗೋಧಿ ಸ್ಟಾರ್ಚ್ ಇರತ್ತೆ ಅನ್ನೋದು ನಂಗೆ ತುಂಬಾ ದಿನ ಗೊತ್ತೇ ಇರ್ಲಿಲ್ಲ.

ವೀಗನ್ ಲೆಕ್ಕದಲ್ಲಿ ಮೋಸ ಮಾಡೋದು ಡಾರ್ಕ್ ಚಾಕ್ಲೇಟು. ಡಾರ್ಕ್ ಅಂದ್ಮೇಲೆ ಹಾಲು ಇರಲ್ಲ ಅಂದ್ಕೋತೀವಿ, ತಿರುಗಿಸಿ ನೋಡಿದ್ರೆ ಮಿಲ್ಕ್ ಸಾಲಿಡ್ಸ್, ಮಿಲ್ಕ್ ಫ್ಯಾಟ್, ವೇ ಪೌಡರ್ ಅಂತ ಏನಾದ್ರೊಂದು ಕೂತಿರತ್ತೆ. ಇನ್ನು 'ಹಾಲಿನ ಅಂಶ ಇರಬಹುದು' ಅಂತ ಕೊನೇಲಿ ಒಂದು ಸಾಲು ಇದ್ರೆ, ಅದೇ ಮಷೀನ್‌ನಲ್ಲಿ ಹಾಲಿನ ಚಾಕ್ಲೇಟೂ ಮಾಡ್ತಾರೆ ಅಂತ ಅರ್ಥ, ಎಷ್ಟೋ ವೀಗನ್‌ಗಳು ಅದನ್ನ ತಿಂತಾರೆ, ಆದ್ರೆ ಹಾಲು ಅಲರ್ಜಿ ಇರೋ ಮಗುಗೆ ಕೊಡ್ಲೇಬಾರ್ದು, ಎರಡೂ ಒಂದೇ ಅಲ್ಲ. ಸಕ್ಕರೆನೂ ಕೆಲವು ದೇಶಗಳಲ್ಲಿ ಮೂಳೆ ಇದ್ದಿಲಲ್ಲಿ ಸೋಸಿ ಬಿಳಿ ಮಾಡಿರ್ತಾರೆ, ಕಟ್ಟುನಿಟ್ಟಾಗಿ ಇರೋರು ಆರ್ಗ್ಯಾನಿಕ್ ಅಥವಾ ವೀಗನ್ ಅಂತ ಬರೆದಿರೋದು ತಗೋತಾರೆ.

ಸಾಮಾನು

ದಯವಿಟ್ಟು ತೂಕ ಮಾಡಿ. ಬಾದಾಮಿ ಹಿಟ್ಟನ್ನ ಕಪ್ಪಲ್ಲಿ ಒತ್ತಿ ತುಂಬಿದ್ರೆ ಒಂದು ಲೆಕ್ಕ, ಉದುರುದುರಾಗಿ ತುಂಬಿದ್ರೆ ಇನ್ನೊಂದು, ಗೋಧಿ ಹಿಟ್ಟಾದ್ರೆ ಹೆಂಗೋ ಸುಧಾರಿಸ್ಕೊಳ್ಳತ್ತೆ, ಇದು ಸುಧಾರಿಸ್ಕೊಳ್ಳಲ್ಲ.

ಸುಮಾರು 22 ಕುಕ್ಕಿಗೆ ನಂದು ಈ ಅಳತೆ: ಸಣ್ಣಗಿರೋ ಬಾದಾಮಿ ಹಿಟ್ಟು 150 ಗ್ರಾಂ, ನುಣ್ಣಗಿರೋ ಅಕ್ಕಿ ಹಿಟ್ಟು 70 ಗ್ರಾಂ, ಕಾರ್ನ್ ಸ್ಟಾರ್ಚ್ ಇಲ್ಲಾ ಟ್ಯಾಪಿಯೋಕಾ ಸ್ಟಾರ್ಚ್ 30 ಗ್ರಾಂ, ಕೋಕೋ ಪೌಡರ್ 35 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚಕ್ಕಿಂತ ಚೂರು ಜಾಸ್ತಿ. ಒದ್ದೆ ಕಡೆಗೆ ಬ್ರೌನ್ ಶುಗರ್ 130 ಗ್ರಾಂ, ಕರಗಿಸಿದ ಕೊಬ್ಬರಿ ಎಣ್ಣೆ 75 ಗ್ರಾಂ, ಯಾವ್ದಾದ್ರೂ ಸಸ್ಯದ ಹಾಲು 2 ಟೇಬಲ್ ಚಮಚ, ವೆನಿಲಾ 1 ಟೀ ಚಮಚ, ಆಮೇಲೆ ಮೊಟ್ಟೆ ಬದ್ಲಿಗೆ ಅಗಸೆ ಬೀಜದ ಪುಡಿ 1 ಟೇಬಲ್ ಚಮಚ ಮತ್ತೆ ನೀರು 3 ಟೇಬಲ್ ಚಮಚ. ಇದೆಲ್ಲಾ ಆದ್ಮೇಲೆ ಕತ್ತರಿಸಿದ ಡಾರ್ಕ್ ಚಾಕ್ಲೇಟ್ 100 ಗ್ರಾಂ, ಅದ್ರಲ್ಲಿ ಹತ್ತು ಗ್ರಾಂ ಕತ್ತರಿಸೋವಾಗ್ಲೇ ಬಾಯಿಗೆ ಹೋಗತ್ತೆ, ಆದ್ರಿಂದ 110 ಇಟ್ಕೊಳ್ಳಿ.

ಒಂದೇ ಹಿಟ್ಟು ಹಾಕಿದ್ರೆ ಆಗಲ್ವಾ ಅಂತ ಕೇಳ್ತೀರಿ. ಗೋಧಿಲಿ ಗ್ಲಯಾಡಿನ್, ಗ್ಲುಟೆನಿನ್ ಅಂತ ಎರಡು ಪ್ರೋಟೀನ್ ಇರತ್ತೆ, ನೀರು ಬಿದ್ದು ನಾದಿದ ತಕ್ಷಣ ಎರಡೂ ಹೆಣ್ಕೊಂಡು ಬಲೆ ಆಗತ್ತೆ, ಅದೇ ಗ್ಲುಟನ್. ಬ್ರೆಡ್ಡಿಗೆ ಆ ಬಲೆ ಬೇಕೇ ಬೇಕು, ಕುಕ್ಕಿಗೆ ಅಷ್ಟಾಗಿ ಬೇಡ, ಹಾಗಾಗಿ ಗ್ಲುಟನ್ ಬಿಟ್ಟು ಬೇಕ್ ಮಾಡೋದನ್ನ ಕಲಿಯೋರು ಕುಕ್ಕಿಯಿಂದ ಶುರು ಮಾಡೋದು ಜಾಣತನ. ಆದ್ರೂ ಅಷ್ಟೋ ಇಷ್ಟೋ ಹಿಡಿತ ಬೇಕಲ್ಲ. ಬಾದಾಮಿಲಿ ಅರ್ಧದಷ್ಟು ಎಣ್ಣೆ ಅಂಶನೇ ಇರೋದ್ರಿಂದ ಅದು ಮೆತ್ತಗೆ ಇಡತ್ತೆ, ಅಕ್ಕಿ ಹಿಟ್ಟು ಅಂಚಿಗೆ ಗರಿ ಕೊಡತ್ತೆ, ಸ್ಟಾರ್ಚ್ ಇವೆರಡನ್ನ ಅಂಟಿಸತ್ತೆ. ಬಾದಾಮಿ ಆಗದೇ ಇರೋರಿಗೆ ಸೂರ್ಯಕಾಂತಿ ಬೀಜ ಪುಡಿ ಮಾಡಿ ಅಷ್ಟೇ ತೂಕ ಹಾಕಿ, ಒಂದೇ ತಮಾಷೆ ಏನಂದ್ರೆ ಆ ಬೀಜದಲ್ಲಿರೋ ಕ್ಲೋರೋಜೆನಿಕ್ ಆಸಿಡ್ ಅಡುಗೆ ಸೋಡಾ ಜೊತೆ ಸೇರಿ ಹಸಿರು ಬಣ್ಣ ಬರತ್ತೆ, ಕೆಟ್ಟಿದ್ಯೇನೋ ಅಂತ ಬಿಸಾಕ್ಬೇಡಿ, ತಿನ್ನೋಕೆ ಏನೂ ತೊಂದ್ರೆ ಇಲ್ಲ, ಚಾಕ್ಲೇಟ್ ಬಣ್ಣದಲ್ಲಿ ಅದು ಕಾಣೋದೂ ಕಮ್ಮಿ.

ಕೋಕೋದಲ್ಲಿ ಎರಡು ಜಾತಿ. ಸಾದಾ ಕೋಕೋ ಸ್ವಲ್ಪ ಹುಳಿ, ಅದ್ರ ಹುಳಿಗೇ ಅಡುಗೆ ಸೋಡಾ ಕೆಲಸ ಮಾಡಿ ಕುಕ್ಕಿ ಉಬ್ಬತ್ತೆ. ಇನ್ನೊಂದು ಡಚ್ ಕೋಕೋ, ಕ್ಷಾರ ಹಾಕಿ ಹುಳಿ ತೆಗೆದಿರೋದು, ಬಣ್ಣ ಗಾಢ, ರುಚಿ ನಯ. ನೆದರ್‌ಲೆಂಡ್ಸ್‌ನ ವಾನ್ ಹೌಟನ್ ಮನೆತನ 1828ರಲ್ಲಿ ಕೋಕೋ ಹಿಂಡಿ ಬೆಣ್ಣೆ ಬೇರೆ ಮಾಡೋ ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದು, ಕ್ಷಾರ ಹಾಕೋ ಪದ್ಧತಿನೂ ಅವರದ್ದೇ, ಅದಕ್ಕೇ ಆ ಹೆಸರು. ಗೋಧಿಗೂ, ಗ್ಲುಟನ್ ತಿಂದ್ರೆ ಕರುಳು ಕೆಡೋ ಸೀಲಿಯಾಕ್ ಕಾಯಿಲೆಗೂ ಇರೋ ನಂಟನ್ನ 1940ರ ದಶಕದಲ್ಲಿ ತೋರಿಸಿಕೊಟ್ಟ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ ಕೂಡ ಅದೇ ದೇಶದವ್ರು, ಹಾಗಾಗಿ ನಮ್ಮ ಈ ಕುಕ್ಕಿಗೆ ಎರಡು ಕಡೆಯಿಂದಲೂ ಅವ್ರ ಋಣ ಇದೆ ಅನ್ನಿ. ಇರ್ಲಿ. ಮನೇಲಿರೋದು ಡಚ್ ಕೋಕೋ ಆಗಿದ್ರೆ ಸೋಡಾ ಬಿಟ್ಟು 1 ಟೀ ಚಮಚ ಬೇಕಿಂಗ್ ಪೌಡರ್ ಹಾಕಿ.

ಒಂದನೇ ಕಾಯೋದು: ಅಗಸೆ

ಅಗಸೆ ಬೀಜನ ಇಡಿಯಾಗಿ ನೆನೆಸಿದ್ರೆ ಪ್ರಯೋಜನ ಕಮ್ಮಿ, ಪುಡಿ ಮಾಡಿರ್ಬೇಕು. ಚಿಕ್ಕ ಬಟ್ಟಲಲ್ಲಿ ನೀರು ಹಾಕಿ ಕಲಸಿ 15 ನಿಮಿಷ ಆಚೆ ಇಡಿ. ಕಲಸಿದ ಹೊಸದ್ರಲ್ಲಿ ಕಂದು ನೀರಲ್ಲಿ ಪುಡಿ ತೇಲಾಡ್ತಾ ಇರತ್ತೆ, ಇದೇನಪ್ಪಾ ಇದು ಅನ್ನಿಸತ್ತೆ. ಹದಿನೈದು ನಿಮಿಷ ಬಿಟ್ಟು ಚಮಚ ಮೇಲೆತ್ತಿ ನೋಡಿ, ಲೋಳೆ ಲೋಳೆಯಾಗಿ ಎಳೆ ಇಳೀತಾ, ತುಂಡಾಗದೇ ಬಟ್ಟಲವರೆಗೂ ಜೋತುಬೀಳತ್ತೆ, ಮೊಟ್ಟೆಯ ಬಿಳಿ ಭಾಗ ಇದ್ದ ಹಾಗೇ. ಆ ಎಳೆ ಬಂದಿಲ್ಲ ಅಂದ್ರೆ ಇನ್ನೂ ಐದು ನಿಮಿಷ ಕಾಯಿರಿ. ಇದು ಹಿಡಿದಿಡತ್ತೆ, ಪಸೆ ಕೊಡತ್ತೆ, ಆದ್ರೆ ಮೊಟ್ಟೆ ಹಾಗೆ ಉಬ್ಬಿಸಲ್ಲ, ಉಬ್ಬಿಸೋದಕ್ಕೆ ಸೋಡಾ ಇದ್ಯಲ್ಲ.

ಇಷ್ಟ್ರಲ್ಲಿ ಒಣ ಸಾಮಾನೆಲ್ಲಾ ಜರಡಿ ಹಿಡೀರಿ. ಕೋಕೋ ಗಂಟು ಕಟ್ಕೊಂಡಿರತ್ತೆ, ಬಾದಾಮಿ ಹಿಟ್ಟೂ ಅಷ್ಟೇ, ಈ ಹೆಜ್ಜೆ ಹಾರಿಸಿದ್ರೆ ಕುಕ್ಕಿ ಮಧ್ಯೆ ಕಹಿ ಗಂಟು ಸಿಗೋದು ಗ್ಯಾರಂಟಿ. ಜರಡಿ ಅಂದ್ಮೇಲೆ ಒಂದು ಮಾತು, ಸೀಲಿಯಾಕ್ ಇರೋರಿಗೋಸ್ಕರ ಮಾಡ್ತಿದ್ರೆ ಮನೇಲಿ ಗೋಧಿ ಹಿಟ್ಟಿಗೆ ಬಳಸೋ ಜರಡಿ ಮುಟ್ಟಲೇಬೇಡಿ, ಅದ್ರ ಕಣ್ಣಲ್ಲಿ ಸಿಕ್ಕಿರೋ ಹಿಟ್ಟು ತೊಳೆದ್ರೂ ಪೂರ್ತಿ ಹೋಗಲ್ಲ, ಮರದ ಸೌಟು, ಮರದ ಮಣೆನೂ ಹಾಗೇನೇ. ಅದೇ ದಿನ ಮೈದಾ ಕೇಕೂ ಮಾಡೋದಿದ್ರೆ ಈ ಕುಕ್ಕಿ ಮೊದ್ಲು ಮಾಡಿ ಮುಚ್ಚಿಟ್ಬಿಡಿ, ಗಾಳಿಲಿ ಹಾರಿದ ಮೈದಾ ಎಷ್ಟೋ ಹೊತ್ತಾದ್ಮೇಲೂ ಬಂದು ಕೂರತ್ತೆ.

ದೊಡ್ಡ ಬಟ್ಟಲಲ್ಲಿ ಬ್ರೌನ್ ಶುಗರ್, ಎಣ್ಣೆ, ಅಗಸೆ ಲೋಳೆ, ಹಾಲು, ವೆನಿಲಾ ಹಾಕಿ ಒಂದೆರಡು ನಿಮಿಷ ಜೋರಾಗಿ ತಿರುವಿ. ಹಾಲು ಫ್ರಿಜ್‌ನಿಂದ ತೆಗೆದ ತಣ್ಣಗಿರೋದು ಬೇಡ, ಎಣ್ಣೆ ಅಲ್ಲಲ್ಲೇ ಬಿಳಿ ಚೂರು ಚೂರಾಗಿ ಗಟ್ಟಿಯಾಗ್ಬಿಡತ್ತೆ. ಎಣ್ಣೆ ಬೇರೆ ತೇಲದೇ ಹೊಳೆಯೋ ಕ್ಯಾರಮೆಲ್ ತರ ಆದ್ಮೇಲೆ ಒಣದ್ದನ್ನ ಸುರಿದು ಕಲಸಿ. ಗ್ಲುಟನ್ನೇ ಇಲ್ಲ, ಹಾಗಾಗಿ ಜಾಸ್ತಿ ಕಲಸಿದ್ರೆ ಗಟ್ಟಿ ಆಗತ್ತೆ ಅನ್ನೋ ಭಯ ಬೇಡ, ಈ ಹಿಟ್ಟಿನ ದೊಡ್ಡ ಸುಖ ಅದೇ. ಚಾಕ್ಲೇಟ್ ಚೂರು ಕೊನೇಲಿ.

ಎರಡನೇ ಕಾಯೋದು: ಹಿಟ್ಟು

ಈಗ ಹಿಟ್ಟು ಅಂಟಂಟಾಗಿ, ಕೈಗೆ ಬರದೇ ಕೆಸರು ತರ ಇರತ್ತೆ, ಎಲ್ಲರೂ ತಪ್ಪು ಮಾಡೋದು ಇಲ್ಲೇ, ಅಯ್ಯೋ ನೀರಾಯ್ತು ಅಂತ ಇನ್ನೊಂದಷ್ಟು ಹಿಟ್ಟು ಸುರಿದ್ಬಿಡ್ತಾರೆ. ಬೇಡ. ಮುಚ್ಚಿ ಫ್ರಿಜ್‌ನಲ್ಲಿ 45 ನಿಮಿಷ ಇಡಿ. ಅಲ್ಲಿ ಎರಡು ಕೆಲಸ ಆಗತ್ತೆ. ಅಕ್ಕಿ ಹಿಟ್ಟು ನೀರು ಕುಡಿಯೋದು ನಿಧಾನ, ಈ ಹೊತ್ತಲ್ಲಿ ಅದು ಪಸೆ ಎಳ್ಕೊಂಡು ಮೆತ್ತಗಾಗತ್ತೆ, ನನ್ನ ಮೊದಲನೇ ಸಲದ ಮರಳಿಗೆ ಔಷಧ ಇದೇ. ಇನ್ನೊಂದು, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಕರಗತ್ತೆ, ಬೆಣ್ಣೆಗಿಂತ ಬೇಗ, ಅಡುಗೆ ಮನೆ ಸ್ವಲ್ಪ ಬೆಚ್ಚಗಿದ್ರೂ ಅದು ನೀರೇ, ತಣ್ಣಗೆ ಗಟ್ಟಿಯಾಗಿ ಓವನ್‌ಗೆ ಹೋದ್ರೆ ಅದು ಕರಗೋಷ್ಟ್ರಲ್ಲಿ ಅಂಚು ಬೆಂದು ನಿಂತಿರತ್ತೆ, ಕಂಬಳಿ ಆಗಲ್ಲ.

ಈ ಮಧ್ಯೆ ಮೊಟ್ಟೆ ಇಲ್ವಲ್ಲ ಅಂತ ಹಸಿ ಹಿಟ್ಟನ್ನೇ ಬೆರಳಲ್ಲಿ ತೆಗೆದು ತಿನ್ನೋಕೆ ಮನೆಯವ್ರೆಲ್ಲಾ ಫ್ರಿಜ್ ಸುತ್ತ ಸುತ್ತುತಾರೆ. ಹಸಿ ಹಿಟ್ಟಿನಲ್ಲೂ ಬ್ಯಾಕ್ಟೀರಿಯಾ ಇರಬಹುದು, ಮೊಟ್ಟೆ ಒಂದೇ ಅಲ್ಲ ಕಾರಣ, ಮಕ್ಕಳಿಗಂತೂ ಕೊಡ್ಬೇಡಿ.

ಬೇಯಿಸೋದು, ಮತ್ತೆ ಮೂರನೇ ಕಾಯೋದು

ಓವನ್ 175 ಡಿಗ್ರಿಗೆ ಹದಿನೈದು ನಿಮಿಷ ಮುಂಚೆನೇ ಹಾಕಿ, ಫ್ಯಾನ್ ಇರೋ ಓವನ್ ಆದ್ರೆ 160 ಸಾಕು. ಟ್ರೇಗೆ ಬೇಕಿಂಗ್ ಪೇಪರ್ ಹಾಸಿ, 30 ಗ್ರಾಂನಷ್ಟು ಹಿಟ್ಟು ತಗೊಂಡು ಉಂಡೆ ಕಟ್ಟಿ, ದೊಡ್ಡ ನಿಂಬೆಹಣ್ಣಿಗಿಂತ ಚೂರು ಚಿಕ್ಕದು, ಐದು ಸೆಂಟಿಮೀಟರ್ ಅಂತರ ಬಿಟ್ಟು ಇಟ್ಟು ಅಂಗೈಲಿ ಸ್ವಲ್ಪವೇ ಒತ್ತಿ. ಗೋಧಿ ಕುಕ್ಕಿ ತರ ತಾನಾಗೇ ಅಷ್ಟು ಹರಡಲ್ಲ ಇದು, ಹೇಗೆ ಇಡ್ತೀರೋ ಹೆಚ್ಚು ಕಮ್ಮಿ ಹಾಗೇ ಬೇಯತ್ತೆ. ಮೇಲೆ ನಾಲ್ಕು ಕಾಳು ದಪ್ಪ ಉಪ್ಪು ಉದುರಿಸಿದ್ರೆ ಚಾಕ್ಲೇಟ್ ರುಚಿ ಎದ್ದು ಬರತ್ತೆ, ಇದು ನನ್ನ ಹುಚ್ಚು, ಬೇಡ ಅಂದ್ರೆ ಬಿಡಿ.

10ರಿಂದ 12 ನಿಮಿಷ. ಕಷ್ಟ ಏನಂದ್ರೆ ಕುಕ್ಕಿ ಮೊದ್ಲೇ ಕಪ್ಪು, ಕೆಂಪಗಾಯ್ತಾ ಅಂತ ಬಣ್ಣ ನೋಡಿ ಹೇಳೋಕಾಗಲ್ಲ. ಹೊಳಪು ನೋಡಿ. ಹಸಿ ಇರೋವಾಗ ಮೇಲ್ಭಾಗ ಒದ್ದೆಯಾಗಿ ಮಿನುಗ್ತಿರತ್ತೆ, ಬೇಯ್ತಾ ಅಂಚಿಂದ ಒಳಗಡೆಗೆ ಆ ಹೊಳಪು ಆರ್ತಾ ಬರತ್ತೆ, ನಡುವೆ ಒಂದು ನಾಣ್ಯದಷ್ಟು ಜಾಗ ಮಾತ್ರ ಇನ್ನೂ ಮಿನುಗ್ತಿದೆ ಅನ್ನೋವಾಗ ತೆಗೀರಿ. ಮುಟ್ಟಿದ್ರೆ ಬೆರಳು ಒಳಗೆ ಹೋಗೋ ಅಷ್ಟು ಮೆತ್ತಗಿರತ್ತೆ, ಬೆಂದಿಲ್ಲ ಅನ್ನಿಸಿ ವಾಪಸ್ ಇಡೋ ಆಸೆ ಬರತ್ತೆ, ಇಟ್ರೆ ಮುಗೀತು, ತಣ್ಣಗಾದ್ಮೇಲೆ ಹಲ್ಲಿಗೆ ಸವಾಲು. ಬಿಸಿ ಟ್ರೇ ಮೇಲೇ ಹತ್ತು ನಿಮಿಷ ಮುಟ್ಟದೇ ಬಿಡಿ. ಒಳಗಿನ ಬಿಸಿಗೆ ಅದು ಇನ್ನೂ ಬೇಯ್ತಾ ಇರತ್ತೆ, ಸ್ಟಾರ್ಚ್ ಬಿಗಿಯಾಗತ್ತೆ, ಗ್ಲುಟನ್ ಬಲೆ ಇಲ್ದಿರೋ ಕುಕ್ಕಿ ಗಟ್ಟಿಯಾಗಿ ನಿಲ್ಲೋದೇ ತಣ್ಣಗಾಗ್ತಾ. ಐದನೇ ನಿಮಿಷಕ್ಕೆ ಎತ್ತಿದ್ರೆ ಕೈಯಲ್ಲಿ ಎರಡು ತುಂಡು, ಹತ್ತನೇ ನಿಮಿಷಕ್ಕೆ ಎತ್ತಿದ್ರೆ ಇಡೀ ಕುಕ್ಕಿ, ಪರೀಕ್ಷೆ ಮಾಡಿ ಬೇಕಾದ್ರೆ. ಆಮೇಲೆ ತಂತಿ ಸ್ಟ್ಯಾಂಡ್ ಮೇಲೆ ಪೂರ್ತಿ ಆರಿಸಿ.

ಮೊದಲನೇ ಟ್ರೇಲಿ ಎರಡೇ ಕುಕ್ಕಿ ಇಟ್ಟು ನೋಡಿ ಅಂತ ಹೇಳೋದು ಮರೆತೆ. ಓವನ್ ತೋರಿಸೋ ಡಿಗ್ರಿಗೂ ಒಳಗಿರೋ ಡಿಗ್ರಿಗೂ ಎಷ್ಟೋ ಸಲ ಹೊಂದಲ್ಲ. ಆ ಎರಡು ಹರಡಿದ್ರೆ ಉಂಡೆಗಳನ್ನ ಇನ್ನೊಂದು ಕಾಲು ಗಂಟೆ ತಣ್ಣಗಿಡಿ, ಉಂಡೆ ಹಾಗೇ ಕೂತ್ರೆ ಇನ್ನೂ ಸ್ವಲ್ಪ ಒತ್ತಿ, ಪುಡಿಪುಡಿ ಆದ್ರೆ ಹಿಟ್ಟಿಗೆ ಒಂದೆರಡು ಚಮಚ ಸಸ್ಯದ ಹಾಲು ಸೇರಿಸಿ.

ಎತ್ತಿಡೋದು, ಕೊಡೋದು

ಗಾಳಿಯಾಡದ ಡಬ್ಬಿಲಿ ನಾಲ್ಕೈದು ದಿನ ಚೆನ್ನಾಗಿರತ್ತೆ, ನನ್ನ ಕೇಳಿದ್ರೆ ಎರಡನೇ ದಿನದ್ದೇ ರುಚಿ ಜಾಸ್ತಿ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಉಂಡೆ ಕಟ್ಟಿ ಒಂದಕ್ಕೊಂದು ತಾಗದ ಹಾಗೆ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಒಂದೇ ಚೀಲಕ್ಕೆ ತುಂಬಿಟ್ರೆ ಎರಡು ತಿಂಗಳವರೆಗೂ ಚಿಂತೆ ಇಲ್ಲ, ಬೇಕಾದಾಗ ಬೇಕಾದಷ್ಟು ತೆಗೆದು ಟ್ರೇ ಮೇಲಿಟ್ಟು ಹತ್ತು ನಿಮಿಷ ಬಿಟ್ಟು, ಸ್ವಲ್ಪ ಒತ್ತಿ, ಎರಡು ನಿಮಿಷ ಜಾಸ್ತಿ ಬೇಯಿಸಿದ್ರೆ ಆಯ್ತು.

ಯಾರಿಗಾದ್ರೂ ಡಬ್ಬಿ ಕಟ್ಟಿ ಕೊಡೋದಾದ್ರೆ ಹಾಕಿರೋ ಸಾಮಾನೆಲ್ಲಾ ಒಂದು ಚೀಟಿಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ, ಬಾದಾಮಿ ಇದೆ ಅನ್ನೋದನ್ನ ದಪ್ಪ ಅಕ್ಷರದಲ್ಲಿ. ಚಾಕ್ಲೇಟ್ ಪ್ಯಾಕೆಟ್ಟಿನ ಹಿಂಭಾಗದ್ದು ಮೊಬೈಲ್‌ನಲ್ಲಿ ಒಂದು ಫೋಟೋ ಇಟ್ಕೊಂಡಿರಿ, ಇದ್ರಲ್ಲಿ ಹಾಲು ಇಲ್ಲ ತಾನೆ ಅಂತ ಆ ಮಗುವಿನ ಅಮ್ಮ ಕೇಳೇ ಕೇಳ್ತಾರೆ.