ಪೈಪು ತೊಳೆಯದೆ ಆರ್ಗಾನ್ ಹಾಕಿ ಏನು ಬಂತು?

ತೆರೆದ ಬಾಟಲಿಯ ವೈನ್ ಕೆಡದಂತೆ ಇಟ್ಟು, ಪೈಪಿನ ಮೂಲಕ ನಲ್ಲಿಯಿಂದ ಗ್ಲಾಸಿಗೆ ಬಿಡುವ ಆರ್ಗಾನ್ ಸಿಲಿಂಡರಿನ ವೈನ್ ಮಷೀನನ್ನು ಮನೆಯಲ್ಲಿ ಇಟ್ಟುಕೊಂಡವರು ಗ್ಯಾಸ್ ಮೇಲೆ ಎಲ್ಲ ಭಾರ ಹಾಕಿ ಕೂರುತ್ತಾರೆ. ಬಾಟಲಿಯೊಳಗೆ ಗಾಳಿ ಸೇರದಂತೆ ನೋಡಿಕೊಂಡು ವೈನನ್ನು ನಲ್ಲಿಗೆ ತಳ್ಳುವುದಷ್ಟೇ ಆರ್ಗಾನ್ ಕೆಲಸ. ನಲ್ಲಿಯ ಮೂತಿಯಲ್ಲಿ ಉಳಿದ ಹನಿಗೆ ಗಾಳಿ ತಾಗಿಯೇ ತಾಗುತ್ತದೆ. ಅಲ್ಲಿ ಹುಳಿ ಹಿಡಿದರೆ ಮುಂದಿನ ಗ್ಲಾಸಿಗೂ ವಿನೆಗರ್ ವಾಸನೆ.

ಬಾಟಲಿ ಬದಲಿಸುವಾಗಲೆಲ್ಲ ತೊಳೆಯಿರಿ. ಮೊದಲು ಗ್ಯಾಸ್ ಬಂದ್ ಮಾಡಿ, ಒಳಗಿನ ಒತ್ತಡ ಬಿಡಿಸಿ, ಆಮೇಲೆ ಬಾಟಲಿ ಬಿಚ್ಚಿ. ಇಲ್ಲದಿದ್ದರೆ ಕೆಂಪು ವೈನ್ ಗೋಡೆಗೆ ಚಿಮ್ಮುತ್ತದೆ. ಖಾಲಿ ಬಾಟಲಿಗೆ ಸುಮಾರು 50 ಡಿಗ್ರಿ ಬಿಸಿನೀರು ತುಂಬಿ ಜೋಡಿಸಿ, ಗ್ಯಾಸ್ ತೆರೆದು ಅರ್ಧ ಬಾಟಲಿಯಷ್ಟು ನಲ್ಲಿಯಿಂದ ಹರಿಸಿ. ಕುದಿನೀರು ಬೇಡ, ತಣ್ಣಗಿದ್ದ ಗಾಜು ಬಿರಿಯುತ್ತದೆ. ಸಿಹಿ ವೈನ್ ಇಟ್ಟಿದ್ದರೆ ಪೂರ್ತಿ ಬಾಟಲಿ ಹರಿಸಿ, ಸಕ್ಕರೆ ಅಂಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹನಿ ಬೀಳುವ ತಟ್ಟೆಯನ್ನು ದಿನವೂ ತೊಳೆಯಿರಿ, ನಮ್ಮ ಮನೆಗಳಲ್ಲಿ ಇರುವೆಗೆ ಹೇಳಿಕಳಿಸಬೇಕಾಗಿಲ್ಲ!

ತಿಂಗಳಿಗೊಮ್ಮೆ ಪೈಪು, ನಲ್ಲಿಯ ಮೂತಿ, ವಾಷರ್ ಎಲ್ಲ ಬಿಚ್ಚಿ. ಒಂದು ಲೀಟರ್ ಬೆಚ್ಚನೆ ನೀರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸೋಡಿಯಂ ಪರ್ಕಾರ್ಬೊನೇಟ್ (ಕಲೆ ತೆಗೆಯುವ ಕ್ಷಾರದ ಪುಡಿ) ಕಲಸಿ, ತೆರೆದ ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ನೆನೆಸಿ. ಈ ನೀರನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ. ಅದು ಆಮ್ಲಜನಕ ಬಿಡುತ್ತಲೇ ಇರುತ್ತದೆ, ಒತ್ತಡ ಏರುತ್ತದೆ. ಪೈಪಿನೊಳಗೆ ಸಣ್ಣ ಬ್ರಷ್ ಆಡಿಸಿ, ನೀರಲ್ಲಿ ತೊಳೆದು, ಲೀಟರಿಗೆ ಒಂದು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿದ ನೀರಲ್ಲಿ ಐದು ನಿಮಿಷ ಅದ್ದಿ. ಕ್ಷಾರದ ಜಾರುತನ ಹೋಗುತ್ತದೆ, ಬೋರ್‌ವೆಲ್ ನೀರಿನ ಬಿಳಿ ಕಲೆಯೂ ಬಿಡುತ್ತದೆ. ಕೊನೆಯ ತೊಳೆತ ಫಿಲ್ಟರ್ ನೀರಿನಲ್ಲೇ ಇರಲಿ.

ಬ್ಲೀಚ್ ಹತ್ತಿರಕ್ಕೂ ತರಬೇಡಿ. ಕ್ಲೋರಿನ್ ಸ್ಟೀಲಿನಲ್ಲಿ ಚುಕ್ಕೆ ಚುಕ್ಕೆ ತೂತು ಕೊರೆಯುತ್ತದೆ, ಕಾರ್ಕಿಗೆ ತಗುಲಿದರೆ ಒದ್ದೆ ಗೋಣಿಚೀಲದಂಥ ವಾಸನೆ ಹುಟ್ಟಬಹುದು. ಪರಿಮಳದ ಪಾತ್ರೆ ಸೋಪೂ ಬೇಡ, ಅದರ ವಾಸನೆ ರಬ್ಬರಿನಲ್ಲೇ ಕೂರುತ್ತದೆ. ವಾಷರಿಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿದ್ದರೆ ಬಿಡಿ: ಎಣ್ಣೆ ಕಮಟುತ್ತದೆ, ಕೆಲವು ರಬ್ಬರ್ ಉಬ್ಬುತ್ತದೆ. ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು.

ಎರಡೇ ದಿನಕ್ಕೆ ವೈನ್ ಸಪ್ಪೆಯಾದರೆ ಗ್ಯಾಸ್ ಸೋರುತ್ತಿರಬಹುದು. ಗ್ಯಾಸ್ ತೆರೆದಿಟ್ಟು ಸೋಪಿನ ನೊರೆಯನ್ನು ಜೋಡಣೆಗಳಿಗೂ ಬಾಟಲಿ ಬಾಯಿಗೂ ಹಚ್ಚಿ, ಗುಳ್ಳೆ ಎದ್ದ ಕಡೆ ವಾಷರ್ ಬದಲಿಸಿ. ವೈನ್ ಬುಸುಬುಸು ಅಂತ ನೊರೆಯಾಗಿ ಬಂದರೆ ಪೈಪು ಬಾಟಲಿಯ ತಳ ಮುಟ್ಟಿದೆಯೇ ನೋಡಿ. ನಿಧಾನವಾಗಿ ಬಂದರೆ ಮೂತಿಯಲ್ಲಿ ಗಷ್ಟು ಕಟ್ಟಿರಬಹುದು. ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನನ್ನು ಈ ಮಷೀನಿಗೆ ಹಾಕಲೇಬೇಡಿ.

ಊರಿಗೆ ಹೋಗುವಾಗ ಬಾಟಲಿ ತೆಗೆದು, ತೊಳೆದು, ಚೂರು ಗ್ಯಾಸ್ ಬಿಟ್ಟು ಪೈಪಿನ ನೀರು ಹೊರಹಾಕಿ. ಸಿಲಿಂಡರ್ ವಾಲ್ವ್ ಬಿಗಿಯಾಗಿ ಮುಚ್ಚಿ, ಸ್ವಿಚ್ ಆರಿಸಿ, ಮಷೀನಿನ ಬಾಗಿಲನ್ನು ಒಂದು ಬೆರಳಗಲ ತೆರೆದಿಡಿ. ಮುಚ್ಚಿಟ್ಟರೆ ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ.